ತಲೆಯ ಮೇಲೆ ಬಟ್ಟೆ, ಕೈಯಲ್ಲಿ ಹೂವು: ಇದು ಯಾವ ಬಿಷಪ್ಪರ ನಾಣ್ಯ?

ಪ್ರಶ್ನೆ: ಕೆಲಸದ ಮೇಲೆ ಎರಡು ವರ್ಷದಿಂದ ಜರ್ಮನಿಯ ಲೈಪ್ಜಿಗ್‌ನಲ್ಲಿದ್ದೇನೆ. ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಎರಡು ಬೆಳ್ಳಿ ನಾಣ್ಯ ಕೊಂಡೆ. ಒಂದು ಚಾಕೊಲೇಟ್ ಸುತ್ತುವ ಹಾಳೆಯಷ್ಟು ತೆಳು. ಅಗಲ 32 ಮಿಲಿಮೀಟರ್, ತೂಕ 0.81 ಗ್ರಾಂ. ಒಂದೇ ಬದಿಯಲ್ಲಿ ಚಿತ್ರವಿದೆ: ಪೀಠದ ಮೇಲೆ ಕುಳಿತ ವ್ಯಕ್ತಿ, ತಲೆಯ ಮೇಲೆ ಬಟ್ಟೆ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ತುದಿಗೆ ಹೂವಿನ ಹಾಗೆ ಏನೋ ಇರುವ ಕೋಲು. ಸುತ್ತಲಿನ ಅಕ್ಷರಗಳಲ್ಲಿ ‘ಎ, ಬಿ, ಬಿ, ಎ’ ಮಾತ್ರ ಓದಲು ಬರುತ್ತದೆ. ಹಿಂದೆ ಅದೇ ಚಿತ್ರ ಗುಳಿಯಾಗಿ ಕಾಣುತ್ತದೆ. ಮಾರಿದವರು ‘ಬಿಷಪ್ ನಾಣ್ಯ, ಮಠದಲ್ಲಿ ಸನ್ಯಾಸಿಗಳೇ ಮಾಡಿದ್ದು’ ಎಂದರು. ಜೊತೆಗಿದ್ದ ಸ್ನೇಹಿತರು ‘ನಾಣ್ಯವೇ ಅಲ್ಲ, ಹಳೇ ಗುಂಡಿಯ ಮುಚ್ಚಳ’ ಎಂದು ನಕ್ಕರು. ಇನ್ನೊಂದು ಚಿಕ್ಕದು, ದಪ್ಪ, 1.38 ಗ್ರಾಂ. ಒಂದು ಬದಿ ಬಿಷಪ್, ಇನ್ನೊಂದು ಬದಿ ಗೋಪುರಗಳಿರುವ ಚರ್ಚ್, ‘ಕೊಲೋನಿಯಾ’ ಎಂಬ ಅಕ್ಷರಗಳು. ಇವು ಅಸಲಿಯೇ? ಯಾರದು? ಕಪ್ಪಾಗಿದೆ, ತೊಳೆಯಬಹುದೇ? ಊರಿಗೆ ತಂದರೆ ತೊಂದರೆಯೇ?

ಉತ್ತರ: ಅಳತೆ, ತೂಕ ಎರಡನ್ನೂ ಬರೆದಿದ್ದಕ್ಕೆ ಮೊದಲು ಥ್ಯಾಂಕ್ಸ್. ಈ ವಿಷಯದಲ್ಲಿ ಕೇಳುವವರಲ್ಲಿ ಹೆಚ್ಚಿನವರು ಮಸುಕು ಫೋಟೋ ಕಳಿಸಿ ‘ಎಷ್ಟು ಬೆಲೆ?’ ಎನ್ನುತ್ತಾರೆ. ನಿಮ್ಮ ಆತಂಕ ಮುಖ್ಯವಾಗಿ ಎರಡು. ಇದು ನಿಜವಾದ ನಾಣ್ಯವೇ, ಹೌದಾದರೆ ಯಾರದು ಎನ್ನುವುದು ಒಂದು. ಗೊತ್ತಿಲ್ಲದೆ ಏನಾದರೂ ಕಾನೂನಿನ ತೊಡಕಿಗೆ ಸಿಕ್ಕಿಕೊಂಡೆನಾ ಎನ್ನುವುದು ಇನ್ನೊಂದು.

ಮೊದಲು ಗುಂಡಿಯ ಮಾತು ಮುಗಿಸೋಣ. ಒಂದೇ ಬದಿ ಚಿತ್ರವಿರುವ ಇಂಥ ತೆಳು ಬೆಳ್ಳಿ ನಾಣ್ಯಕ್ಕೆ ಬ್ರಾಕ್ಟಿಯೇಟ್ ಎನ್ನುತ್ತಾರೆ. ಸುಮಾರು 1130ರ ಹೊತ್ತಿಗೆ ಸ್ಯಾಕ್ಸನಿ, ಥುರಿಂಜಿಯ, ಹಾರ್ಟ್ಸ್ ಬೆಟ್ಟಗಳ ಸುತ್ತ ಶುರುವಾದ ಪದ್ಧತಿ ಇದು. ಅಂದರೆ ನೀವಿರುವ ಸೀಮೆಯೇ. ಆಗ ಅಲ್ಲಿ ಇದ್ದ ನಾಣ್ಯವೆಂದರೆ ಹೆಚ್ಚುಕಡಿಮೆ ಬೆಳ್ಳಿಯ ಫೆನಿಗ್ ಒಂದೇ. 12 ಫೆನಿಗ್ ಸೇರಿದರೆ ಒಂದು ಶಿಲ್ಲಿಂಗ್, 240 ಸೇರಿದರೆ ಒಂದು ಪೌಂಡ್. ಆದರೆ ಶಿಲ್ಲಿಂಗ್, ಪೌಂಡ್ ಎರಡೂ ಲೆಕ್ಕದ ಮಾತು ಮಾತ್ರ, ಕೈಯಲ್ಲಿ ಹಿಡಿಯುವ ನಾಣ್ಯವಲ್ಲ.

ಯಾಕೆ ಇಷ್ಟು ತೆಳು ಮಾಡಿದರು? ಒಂದು ಫೆನಿಗ್‌ಗೆ ಸಿಗುವ ಬೆಳ್ಳಿ ಕಡಿಮೆಯಾಗುತ್ತಾ ಬಂತು. ನಾಣ್ಯವನ್ನು ಚಿಕ್ಕದು ಮಾಡುವ ಬದಲು ಅವರು ತಟ್ಟಿ ತೆಳುವಾಗಿಸಿ ಅಗಲ ಉಳಿಸಿಕೊಂಡರು. ಎರಡೂ ಬದಿ ಅಚ್ಚು ಹಾಕಿದರೆ ತೆಳು ತಗಡಿನಲ್ಲಿ ಒಂದು ಚಿತ್ರ ಇನ್ನೊಂದನ್ನು ಕೆಡಿಸುತ್ತದೆ. ಹಾಗೆ ಕೆಟ್ಟ ನಾಣ್ಯಗಳೂ ಆ ಕಾಲದ್ದು ಬೇಕಾದಷ್ಟಿವೆ. ಕೊನೆಗೆ ಒಂದೇ ಅಚ್ಚು ಸಾಕು ಎಂದಾಯಿತು. ಕೆಲಸವೂ ಬೇಗ ಮುಗಿಯುತ್ತಿತ್ತು, ಚಿತ್ರಕ್ಕೆ ಜಾಗವೂ ಜಾಸ್ತಿ ಸಿಕ್ಕಿತು. ಹೀಗಾಗಿ ಆ ಕಾಲದ ಯುರೋಪಿನ ಅತಿ ಚೆಂದದ ಕೆತ್ತನೆ ಈ ಬಡಪಾಯಿ ಫೆನಿಗ್ ಮೇಲೆ ಉಳಿದುಕೊಂಡಿದೆ.

ಮುರಿದುಹೋಗುವುದಿಲ್ಲವೇ ಎಂದು ಕೇಳುತ್ತೀರಿ, ಅಲ್ವಾ? ಮುರಿಯುತ್ತಿತ್ತು. ಆದರೆ ಜಾಸ್ತಿ ದಿನ ಬಾಳಬೇಕಾಗಿಯೇ ಇರಲಿಲ್ಲ. ಟಂಕಸಾಲೆಯ ಒಡೆಯರು ಆಗಾಗ ಹಳೆ ನಾಣ್ಯವನ್ನು ರದ್ದು ಮಾಡುತ್ತಿದ್ದರು. ಜನ ಹಳೆಯ 4 ಫೆನಿಗ್ ಕೊಟ್ಟು ಹೊಸ 3 ತೆಗೆದುಕೊಳ್ಳಬೇಕಿತ್ತು, ಸಾಮಾನ್ಯ ದರ ಅದು. ಮಧ್ಯೆ ಹೋದ ಒಂದು ಒಡೆಯರ ಲಾಭ. ಲೆಕ್ಕ ಹಾಕಿದರೆ ಕೈಯಲ್ಲಿರುವ ದುಡ್ಡಿನ ಮೇಲೆ ನೂರಕ್ಕೆ 25ರ ತೆರಿಗೆ. 1152ರಿಂದ 1192ರವರೆಗೆ ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ಆಗಿದ್ದ ವಿಖ್‌ಮಾನ್ ಅವರ ಕಾಲದಲ್ಲಿ ಅಲ್ಲಿ ವರ್ಷಕ್ಕೆ ಎರಡು ಸಲ ಹೀಗೆ ನಡೆಯುತ್ತಿತ್ತು. ಹೊಸದು ಯಾವುದು, ಹಳೆಯದು ಯಾವುದು ಎಂದು ಓದು ಬಾರದವರಿಗೂ ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಸಲ ಚಿತ್ರ ಬದಲಾಗುತ್ತಿತ್ತು. ಒಬ್ಬರೇ ಬಿಷಪ್ಪರ ಹೆಸರಿನಲ್ಲಿ ಹತ್ತಾರು ಬಗೆ ನಾಣ್ಯ ಸಿಗುವುದು ಇದೇ ಕಾರಣಕ್ಕೆ. ಗುರುತಿಸುವುದು ಕಷ್ಟವಾಗಿರುವುದೂ ಇದೇ ಕಾರಣಕ್ಕೆ.

ಇನ್ನು ಸನ್ಯಾಸಿಗಳೇ ಮಾಡಿದರು ಎನ್ನುವ ಮಾತು. ಮಾರುವವರು ಹೀಗೆ ಹೇಳಿದರೆ ಕೊಳ್ಳುವವರಿಗೆ ಖುಷಿಯಾಗುತ್ತದೆ, ಅಷ್ಟೇ. ಮಠಕ್ಕೆ ಇದ್ದದ್ದು ಟಂಕಿಸುವ ಹಕ್ಕು. ಕೆಲಸ ಮಾಡುತ್ತಿದ್ದವರು ಪಟ್ಟಣದ ಟಂಕಸಾಲೆಯವರು, ಅಚ್ಚು ಕೆತ್ತುವವರು, ಅಕ್ಕಸಾಲಿಗರು. ಚಕ್ರವರ್ತಿಗಳು ಈ ಹಕ್ಕನ್ನು ಮಾರುಕಟ್ಟೆ ಮತ್ತು ಸುಂಕದ ಹಕ್ಕಿನ ಜೊತೆಗೇ ಕೊಡುತ್ತಿದ್ದರು. ಸಂತೆ ನಡೆಯುವ ಕಡೆ ನಾಣ್ಯ ಬೇಕಲ್ಲ. ಕೋರ್ವೈ ಮಠಕ್ಕೆ 833ರಲ್ಲಿ, ಹಾರ್ಟ್ಸ್ ಬೆಟ್ಟಗಳ ಪಕ್ಕದ ಕ್ವೆಡ್‌ಲಿನ್‌ಬುರ್ಗ್‌ನ ಮಹಿಳಾ ಮಠಕ್ಕೆ 994ರಲ್ಲಿ, ಫುಲ್ಡಾ ಮಠಕ್ಕೆ 1019ರಲ್ಲಿ ಇದು ಸಿಕ್ಕಿತು. ಚಕ್ರವರ್ತಿಗಳಿಗೆ ಇದರಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಬಿಷಪ್ಪರಿಗೆ, ಮಠಾಧಿಪತಿಗಳಿಗೆ ಮಕ್ಕಳಿಲ್ಲ. ಹಾಗಾಗಿ ಕೊಟ್ಟ ಅಧಿಕಾರ ಒಂದು ಮನೆತನದ ಆಸ್ತಿಯಾಗುವುದಿಲ್ಲ. 1220ರ ಹೊತ್ತಿಗೆ ಲೆಕ್ಕ ತಲೆಕೆಳಗಾಯಿತು. ಆ ವರ್ಷ ಜರ್ಮನಿಯ ರಾಜ ಎರಡನೇ ಫ್ರೆಡರಿಕ್, ಧರ್ಮಗುರುಗಳ ಸೀಮೆಯಲ್ಲಿ ಅವರ ಒಪ್ಪಿಗೆ ಇಲ್ಲದೆ ತಾನು ಹೊಸ ಟಂಕಸಾಲೆ ತೆರೆಯುವುದಿಲ್ಲ ಎಂದು ಬರೆದುಕೊಡಬೇಕಾಯಿತು.

ಈಗ ನಿಮ್ಮ ತೆಳು ನಾಣ್ಯಕ್ಕೆ ಬರೋಣ. ಕೈಗೆ ನಾಣ್ಯ ಬಂದ ತಕ್ಷಣ ಎಲ್ಲರೂ ಅಕ್ಷರ ಓದಲು ಹೋಗುತ್ತಾರೆ. ನಾನು ಅಕ್ಷರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ತೂಕ ಮತ್ತು ಅಗಲ, ಆಮೇಲೆ ಚಿತ್ರ. ತೂಕ ಸೀಮೆ ಹೇಳುತ್ತದೆ. ಚಿತ್ರ ಹುದ್ದೆ ಹೇಳುತ್ತದೆ. ಅಕ್ಷರ ಕೆಲವು ಸಲ ಹೆಸರು ಹೇಳುತ್ತದೆ, ಕೆಲವು ಸಲ ಶುದ್ಧ ಸುಳ್ಳು ಹೇಳುತ್ತದೆ.

32 ಮಿಲಿಮೀಟರ್ ಅಗಲ, 0.8 ಗ್ರಾಂ ಆಸುಪಾಸಿನ ತೂಕ. ಇದು 12ನೇ ಶತಮಾನದ ಹಾರ್ಟ್ಸ್ ಮತ್ತು ಸ್ಯಾಕ್ಸನಿ ಕಡೆಯ ಬ್ರಾಕ್ಟಿಯೇಟ್‌ಗೆ ಸರಿಯಾಗಿ ಹೊಂದುತ್ತದೆ. ದಕ್ಷಿಣದಲ್ಲಿ, ಕಾನ್‌ಸ್ಟಾನ್ಸ್ ಸರೋವರದ ಸುತ್ತಲಿನದ್ದಾಗಿದ್ದರೆ ಅಗಲ ಸುಮಾರು 22 ಮಿಲಿಮೀಟರ್, ತೂಕ 0.45 ಗ್ರಾಂ ಹತ್ತಿರ ಇರಬೇಕಿತ್ತು. ಅಂಚೂ ಪೂರ್ತಿ ದುಂಡಗಿರದೆ ನಾಲ್ಕು ಮೂಲೆ ಎದ್ದಂತೆ ಕಾಣುತ್ತಿತ್ತು. ಹೊಸಬರಿಗೆ ಆ ಕಡೆಯ ನಾಣ್ಯವೇ ಸುಲಭ. 1240ರಲ್ಲಿ ಕಾನ್‌ಸ್ಟಾನ್ಸ್ ಬಿಷಪ್ ಸುತ್ತಲಿನ ಟಂಕಸಾಲೆಗಳಿಗೆಲ್ಲ ಒಂದೇ ತೂಕ ಗೊತ್ತುಮಾಡಿದರು. ಬೇರೆ ಬೇರೆ ಎಂದು ತಿಳಿಯಲು ಚಿತ್ರ ಮಾತ್ರ ಬೇರೆ. ಕಾನ್‌ಸ್ಟಾನ್ಸ್‌ಗೆ ಬಿಷಪ್ಪರ ತಲೆ, ಸೇಂಟ್ ಗಾಲೆನ್ ಮಠಕ್ಕೆ ಕುರಿಮರಿ, ಲಿಂಡಾವ್‌ಗೆ ಲಿಂಡೆನ್ ಮರ. ಉತ್ತರದವರು ಇಂಥ ಉಪಕಾರ ಮಾಡಿಲ್ಲ.

ಚಿತ್ರ ನೋಡೋಣ. ರಾಜನಾದರೆ ಕಿರೀಟ, ರಾಜದಂಡ, ಗೋಳ. ಅರಸುಮನೆತನದವರಾದರೆ ಕತ್ತಿ, ಗುರಾಣಿ, ಬಾವುಟ. ಬಿಷಪ್ ಆದರೆ ಎರಡು ಕೊಂಬಿನ ಟೋಪಿ, ತುದಿ ಸುರುಳಿ ಸುತ್ತಿದ ಕೋಲು, ಪುಸ್ತಕ. ಆರ್ಚ್‌ಬಿಷಪ್ ಆದರೆ ಹೆಗಲ ಸುತ್ತ ಬಂದು ಎದೆಯ ಮೇಲೆ ಇಳಿಯುವ, ಶಿಲುಬೆ ಗುರುತಿನ ಪಟ್ಟಿ. ಟೋಪಿಯಲ್ಲೂ ಕಾಲ ಅಡಗಿದೆ. 12ನೇ ಶತಮಾನದ ಮೊದಲ ಭಾಗದಲ್ಲಿ ಅದರ ಎರಡು ತುದಿ ಎಡಕ್ಕೊಂದು ಬಲಕ್ಕೊಂದು ಇರುತ್ತಿದ್ದವು. ಆಮೇಲೆ ಟೋಪಿಯನ್ನು ತಿರುಗಿಸಿ ಮುಂದೊಂದು ಹಿಂದೊಂದು ಮಾಡಿಕೊಂಡರು. ಮಠಾಧಿಪತಿ ಸಾಮಾನ್ಯವಾಗಿ ಬರಿ ತಲೆಯಲ್ಲಿ, ನಡುನೆತ್ತಿ ಬೋಳಿಸಿಕೊಂಡು ಕುಳಿತಿರುತ್ತಾರೆ. ಆದರೆ ಫುಲ್ಡಾದಂಥ ದೊಡ್ಡ ಮಠದವರಿಗೆ ಬಿಷಪ್ ಟೋಪಿ ಹಾಕುವ ಗೌರವವೂ ಇತ್ತು. ಹಾಗಾಗಿ ಟೋಪಿ ಕಂಡ ಕೂಡಲೇ ಬಿಷಪ್ ಎಂದು ತೀರ್ಮಾನಿಸಬೇಡಿ.

ನಿಮ್ಮ ನಾಣ್ಯದಲ್ಲಿ ಟೋಪಿಯೂ ಇಲ್ಲ, ಬೋಳು ನೆತ್ತಿಯೂ ಇಲ್ಲ. ‘ತಲೆಯ ಮೇಲೆ ಬಟ್ಟೆ’ ಎಂದು ಬರೆದಿದ್ದೀರಿ. ನೀವು ಕಳಿಸಿದ ಫೋಟೋದಲ್ಲಿ ಅದು ಭುಜದವರೆಗೆ ಇಳಿದಿದೆ. ಅದು ಮುಸುಕು. ಕೋಲಿನ ತುದಿಯೂ ಸುರುಳಿಯಲ್ಲ, ಮೂರು ಎಸಳಿನ ಲಿಲಿ ಹೂವು. ಅಂದರೆ ಇವರು ಬಿಷಪ್ ಅಲ್ಲವೇ ಅಲ್ಲ. ಹೆಂಗಸು, ಮಹಿಳಾ ಮಠದ ಒಡತಿ, ಅಬ್ಬೆಸ್. ನೀವು ಓದಿದ ‘ಎ, ಬಿ, ಬಿ, ಎ’ ಇಲ್ಲಿ ಸಹಾಯ ಮಾಡುವುದಿಲ್ಲ. ಲ್ಯಾಟಿನ್‌ನಲ್ಲಿ ಮಠಾಧಿಪತಿಗೆ ‘ಅಬ್ಬಾಸ್’, ಮಠದೊಡತಿಗೆ ‘ಅಬ್ಬಾಟಿಸ್ಸಾ’. ಶುರುವಿನ ನಾಲ್ಕು ಅಕ್ಷರ ಎರಡಕ್ಕೂ ಒಂದೇ. ಮುಸುಕೇ ಸಾಕ್ಷಿ.

ಹೆಂಗಸರ ಹೆಸರಿನಲ್ಲಿ ನಾಣ್ಯವೇ ಎಂದು ಆಶ್ಚರ್ಯಪಡಬೇಡಿ. ಕ್ವೆಡ್‌ಲಿನ್‌ಬುರ್ಗ್, ಗಾಂಡರ್ಸ್‌ಹೈಮ್, ಎಷ್‌ವೇಗೆ, ಹೆರ್‌ಫೋರ್ಡ್ ಮಠಗಳ ಒಡತಿಯರೆಲ್ಲ ನಾಣ್ಯ ಹೊಡೆಸಿದ್ದಾರೆ. ಇವು ಬಡ ಸನ್ಯಾಸಿನಿಯರ ಆಶ್ರಮಗಳಲ್ಲ. ಕ್ವೆಡ್‌ಲಿನ್‌ಬುರ್ಗ್‌ನ ಮೊದಲ ಒಡತಿ ಮಟಿಲ್ಡಾ ಚಕ್ರವರ್ತಿ ಮೊದಲ ಒಟ್ಟೋನ ಮಗಳು. 12ನೇ ಶತಮಾನದಲ್ಲಿ ಅಲ್ಲಿ ಎರಡನೇ ಬಿಯಾಟ್ರಿಕ್ಸ್ (1138–1160), ಮೂರನೇ ಅಡೆಲ್‌ಹೈಡ್ (1161–1184), ಮೈಸೆನ್ ಮನೆತನದ ಆಗ್ನೆಸ್ (1184–1203) ಇದ್ದರು. ಬ್ರಾಕ್ಟಿಯೇಟ್ ಉಚ್ಛ್ರಾಯದ ಕಾಲವೂ ಅದೇ. ತೂಕ, ಅಗಲ, ಮುಸುಕು, ಲಿಲಿ ಎಲ್ಲವನ್ನೂ ಒಟ್ಟಿಗಿಟ್ಟರೆ ನನ್ನ ಮೊದಲ ಊಹೆ ಕ್ವೆಡ್‌ಲಿನ್‌ಬುರ್ಗ್, 12ನೇ ಶತಮಾನದ ಎರಡನೇ ಭಾಗ. ಯಾವ ಒಡತಿ ಎನ್ನುವುದಕ್ಕೆ ಇದೇ ಅಚ್ಚಿನ, ಹೆಸರು ಓದಲು ಬರುವ ಇನ್ನೊಂದು ಪ್ರತಿ ಸಿಗಬೇಕು. ಇಂಥ ಹೋಲಿಕೆಗೆ ನಾವು ಹಳೆಯ ನಿಧಿಗಳನ್ನೇ ಆಶ್ರಯಿಸುತ್ತೇವೆ. 1860ರಲ್ಲಿ ಫ್ರೆಕ್‌ಲೆಬೆನ್‌ನಲ್ಲಿ ಸಿಕ್ಕ ನಿಧಿ ಈ ಸೀಮೆಯ ನಾಣ್ಯಗಳಿಗೆ ದೊಡ್ಡ ಆಧಾರ. ಒಂದೇ ಗಡಿಗೆಯಲ್ಲಿ ಒಟ್ಟಿಗೆ ಹೂತ ನಾಣ್ಯಗಳು ಒಂದರ ಕಾಲವನ್ನು ಇನ್ನೊಂದು ಹೇಳುತ್ತವೆ.

ಅಂದಹಾಗೆ, ಅದು ಆ ಒಡತಿಯ ಮುಖವೇ ಎಂದು ಕೇಳಿದರೆ, ಅಲ್ಲ. ಕೆತ್ತಿದವರು ಹುದ್ದೆಯನ್ನು ಕೆತ್ತಿದರು, ಮುಖವನ್ನಲ್ಲ.

ಚಿತ್ರವನ್ನು ನಂಬಬೇಕು, ಆದರೆ ಕಣ್ಣುಮುಚ್ಚಿ ನಂಬಬಾರದು. ಮಾಗ್ಡೆಬುರ್ಗ್‌ನ ಎಷ್ಟೋ ಬ್ರಾಕ್ಟಿಯೇಟ್‌ನಲ್ಲಿ ಕವಚ ತೊಟ್ಟು ಬಾವುಟ ಹಿಡಿದ ಯೋಧ ನಿಂತಿರುತ್ತಾನೆ. ನೋಡಿದವರು ಯಾವುದೋ ಪಾಳೆಯಗಾರನ ನಾಣ್ಯ ಎಂದು ಪಕ್ಕಕ್ಕೆ ಇಡುತ್ತಾರೆ. ಅವನ ತಲೆಯ ಸುತ್ತ ಪ್ರಭೆಯ ಉಂಗುರ ಇದೆಯಾ ನೋಡಿ. ಇದ್ದರೆ ಆತ ಸಂತ ಮಾರಿಸ್, ಆ ಊರಿನ ಕ್ಯಾಥೆಡ್ರಲ್‌ನ ಸಂತ. ನಾಣ್ಯ ಆರ್ಚ್‌ಬಿಷಪ್ಪರದ್ದು. ಹಾಲ್ಬರ್‌ಷ್ಟಾಟ್ ಬಿಷಪ್ಪರು ಕಲ್ಲೇಟು ತಿನ್ನುತ್ತಿರುವ ಸಂತ ಸ್ಟೀಫನ್‌ನನ್ನು ಕೆತ್ತಿಸಿದರು. ಮೆರ್ಸೆಬುರ್ಗ್‌ನವರದ್ದು ಸಂತ ಲಾರೆನ್ಸ್, ಅವನನ್ನು ಸುಟ್ಟ ಕಬ್ಬಿಣದ ಜಾಲರಿಯೇ ಗುರುತು. ಎರ್ಫುರ್ಟ್‌ನಲ್ಲಿ ಹೊಡೆದ ಮೈಂಟ್ಸ್ ಆರ್ಚ್‌ಬಿಷಪ್ಪರ ನಾಣ್ಯದಲ್ಲಿ ಸಂತ ಮಾರ್ಟಿನ್ ಬರುತ್ತಾನೆ, ಆಮೇಲಿನ ಕಾಲದಲ್ಲಿ ಚಕ್ರವೂ ಬರುತ್ತದೆ. ಕೀಲಿಕೈ ಕಂಡರೆ ಸಂತ ಪೀಟರ್ ಎನ್ನಬಹುದು. ಆದರೆ ಅಲ್ಲಿಗೆ ನಿಲ್ಲಬೇಕು. ಟ್ರಿಯರ್, ವೋರ್ಮ್ಸ್, ಬ್ರೆಮೆನ್, ಮಿಂಡೆನ್, ಓಸ್ನಾಬ್ರುಕ್, ರೇಗನ್ಸ್‌ಬುರ್ಗ್ ಎಲ್ಲಕ್ಕೂ ಪೀಟರ್‌ನೇ ಸಂತ. ಬರೀ ಕೀಲಿಕೈ ನೋಡಿ ಊರು ಹೇಳುವವರನ್ನು ಕಂಡರೆ ನನಗೆ ಅನುಮಾನ.

ಅಕ್ಷರ ಸುಳ್ಳು ಹೇಳುತ್ತದೆ ಎಂದೆನಲ್ಲ, ನಿಮ್ಮ ಎರಡನೇ ನಾಣ್ಯದ ಬಗೆ ಅದಕ್ಕೆ ಒಳ್ಳೆಯ ಉದಾಹರಣೆ. ‘ಕೊಲೋನಿಯಾ’ ಎಂದರೆ ಕೊಲೋನ್ ಊರು. ಕೊಲೋನ್ ಆರ್ಚ್‌ಬಿಷಪ್ಪರ ಫೆನಿಗ್ ಸುಮಾರು 1.4 ಗ್ರಾಂ ತೂಗುವ ಒಳ್ಳೆ ಬೆಳ್ಳಿಯ ನಾಣ್ಯ. ಸಣ್ಣಪುಟ್ಟ ಊರಿನ ಫೆನಿಗ್‌ಗೆ ತನ್ನ ಸಂತೆಯ ಆಚೆ ಬೆಲೆಯಿಲ್ಲದ ಕಾಲದಲ್ಲಿ ಕೊಲೋನ್‌ನದ್ದು ದೂರದೂರಕ್ಕೂ ನಡೆಯುತ್ತಿತ್ತು. ಹಾಗಿದ್ದಮೇಲೆ ನಕಲು ಮಾಡದೆ ಬಿಡುತ್ತಾರೆಯೇ? ವೆಸ್ಟ್‌ಫಾಲಿಯದ ಬಿಷಪ್ಪರು, ಅರಸರು ಎಲ್ಲ ಅದೇ ಚರ್ಚ್, ಅದೇ ‘ಕೊಲೋನಿಯಾ’ ಇಟ್ಟುಕೊಂಡು ತಮ್ಮ ನಾಣ್ಯ ಹೊಡೆಸಿದರು. ಅದನ್ನು ಇವತ್ತಿನ ಅರ್ಥದಲ್ಲಿ ಖೋಟಾ ಎನ್ನಲಾಗದು. ಜನ ನಂಬಿದ ರೂಪವನ್ನು ಎರವಲು ಪಡೆದರು, ಅಷ್ಟೇ. ವ್ಯೂರ್ತ್ಸ್‌ಬುರ್ಗ್‌ನಲ್ಲಿ ಇನ್ನೊಂದು ತಮಾಷೆ. 1034ರಿಂದ 1045ರವರೆಗೆ ಬಿಷಪ್ ಆಗಿದ್ದ ಬ್ರೂನೋ ಅವರ ಹೆಸರಿನ ಅಕ್ಷರಗಳನ್ನು ಒಂದರೊಳಗೊಂದು ಹೆಣೆದ ಗುರುತು ಅವರು ತೀರಿಕೊಂಡ ಮೇಲೂ ಬಹಳ ಕಾಲ ನಾಣ್ಯದ ಮೇಲೆ ಉಳಿಯಿತು. ಹೆಸರು ನೋಡಿ ಕಾಲ ಹೇಳಿದರೆ ಪೂರ್ತಿ ತಪ್ಪುತ್ತದೆ. ಇನ್ನು ಕೆಲವು ಬ್ರಾಕ್ಟಿಯೇಟ್‌ನಲ್ಲಿ ಓದಲು ಬಾರದ ಕೆತ್ತನೆಗಾರ ಅಕ್ಷರದ ಆಕಾರವನ್ನು ಸುಮ್ನೆ ಸುತ್ತ ಸೇರಿಸಿದ್ದಾನೆ. ಅದನ್ನು ಓದಲು ಕೂತರೆ ತಲೆ ಕೆಡುತ್ತದೆ. ನಿಮ್ಮದು 1.38 ಗ್ರಾಂ ಇರುವುದರಿಂದ ಕೊಲೋನ್‌ನದ್ದೇ ಆಗಿರುವ ಸಾಧ್ಯತೆ ಚೆನ್ನಾಗಿದೆ. ಬಿಷಪ್ ಇರುವ ಬದಿಯ ಹೆಸರು ಓದಿದರೆ ಇನ್ನೂ ಗಟ್ಟಿಯಾಗುತ್ತದೆ.

ಅಸಲಿಯೇ ಎನ್ನುವುದು ಫೋಟೋದಲ್ಲಿ ತೀರ್ಮಾನವಾಗುವ ವಿಷಯವಲ್ಲ. ಬ್ರಾಕ್ಟಿಯೇಟ್ ನಕಲಿಗೆ ಹಳೇ ಚರಿತ್ರೆಯೇ ಇದೆ. 18ನೇ ಶತಮಾನದ ಹ್ಯಾನೋವರ್‌ನಲ್ಲಿ ನಿಕೋಲಾಸ್ ಸೀಲೆಂಡರ್ ಎಂಬ ಕೆತ್ತನೆಗಾರ ಈ ನಾಣ್ಯಗಳ ಮೇಲೆ ಪುಸ್ತಕವನ್ನೂ ಬರೆದ, ಸ್ವತಃ ನಕಲಿ ಬ್ರಾಕ್ಟಿಯೇಟ್ ಅಚ್ಚುಗಳನ್ನೂ ಕೆತ್ತಿದ. ಈಗಂತೂ ಮ್ಯೂಸಿಯಂ ಅಂಗಡಿಗೆ ಮಾಡಿದ ಪ್ರತಿಗಳೇ ಸಂತೆಯಲ್ಲಿ ಜಾಸ್ತಿ. ಅವು ಮೋಸಕ್ಕೆ ಮಾಡಿದ್ದಲ್ಲ, ಆದರೆ ಮೂರು ಕೈ ದಾಟುವಷ್ಟರಲ್ಲಿ ಅಸಲಿಯಾಗಿಬಿಡುತ್ತವೆ. ನಿಮ್ಮ ಕೈಲಿ ಆಗುವಷ್ಟು ನೋಡಿ. ಹತ್ತು ಪಟ್ಟು ದೊಡ್ಡದು ತೋರಿಸುವ ಮಸೂರದಲ್ಲಿ ಹಿಂಬದಿಯ ಗುಳಿ ಮುಂಬದಿಗೆ ಗೆರೆಗೆರೆ ಹೊಂದಬೇಕು. ಮೈಮೇಲೆ ಸಣ್ಣ ಗುಳ್ಳೆ, ಮೊಂಡಾದ ಗೆರೆ ಕಂಡರೆ ಅದು ಎರಕ ಹೊಯ್ದ ನಕಲು. ಅಂಚು ಯಂತ್ರದಲ್ಲಿ ಕತ್ತರಿಸಿದಷ್ಟು ನಯವಾಗಿದ್ದರೆ ಅನುಮಾನಿಸಿ. ಬಗ್ಗಿಸಿ ನೋಡಲೇಬೇಡಿ. ಎಂಟುನೂರು ವರ್ಷದ ತೆಳು ಬೆಳ್ಳಿ ಪಟ್ಟನೆ ಸೀಳುತ್ತದೆ. ನಿಮ್ಮ ಫೋಟೋದಲ್ಲಿ ಸಂಶಯ ಹುಟ್ಟಿಸುವಂಥದ್ದು ನನಗೆ ಕಾಣಲಿಲ್ಲ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ತೊಳೆಯುವ ವಿಷಯ: ಬೇಡ. ನಮ್ಮ ಮನೆಗಳಲ್ಲಿ ಬೆಳ್ಳಿ ದೀಪಕ್ಕೆ ಮಾಡುವ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಉಪಚಾರ ಇಲ್ಲಿ ಬೇಡವೇ ಬೇಡ. ಉಜ್ಜಿದರೆ ಕೆತ್ತನೆಯ ಮೇಲ್ಪದರ ಹೋಗುತ್ತದೆ, ತಗಡು ಸುಕ್ಕಾಗುತ್ತದೆ, ಬೆಲೆಯೂ ಬೀಳುತ್ತದೆ. ಆ ಕಪ್ಪು ಬೆಳ್ಳಿಗೆ ಕೆಡುಕಲ್ಲ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒತ್ತಡ ಬೀಳದ ಹಾಗೆ, ಒಣ ಜಾಗದಲ್ಲಿ ಇಡಿ. ಮೆತ್ತನೆಯ ಪಿವಿಸಿ ಲಕೋಟೆ ಬೇಡ, ಕಾಲ ಕಳೆದಂತೆ ಅದು ಅಂಟಂಟಾಗಿ ಬೆಳ್ಳಿಯನ್ನು ಕೆಡಿಸುತ್ತದೆ.

ಕಾನೂನಿನ ಮಾತಿಗೆ ಬಂದರೆ, ಹಳೆ ನಾಣ್ಯ ಕೊಳ್ಳುವುದು, ಇಟ್ಟುಕೊಳ್ಳುವುದು ಜರ್ಮನಿಯಲ್ಲಿ ತಪ್ಪಲ್ಲ. ತೊಡಕು ಇರುವುದು ಅದು ಎಲ್ಲಿಂದ ಬಂತು ಎನ್ನುವುದರಲ್ಲಿ. ಸ್ಯಾಕ್ಸನಿ ಸೇರಿ ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನೆಲದಡಿ ಸಿಕ್ಕ ಪುರಾತನ ವಸ್ತು ಸರ್ಕಾರಕ್ಕೆ ಸೇರಿದ್ದು. ಅನುಮತಿಯಿಲ್ಲದೆ ಲೋಹಶೋಧಕ ಹಿಡಿದು ಹೊಲ ಅಗೆದು ತಂದಿದ್ದು ಸಂತೆಗೆ ಬರುವುದೂ ಇದೆ. ಫೆನಿಗ್ ತನ್ನ ಊರಿನ ಸುತ್ತಲೇ ಓಡಾಡುತ್ತಿದ್ದದ್ದರಿಂದ, ಕ್ವೆಡ್‌ಲಿನ್‌ಬುರ್ಗ್ ನಾಣ್ಯ ಲೈಪ್ಜಿಗ್‌ನಲ್ಲಿ ಸಿಗುವುದು ಅದು ಅಸಲಿ ಎನ್ನುವುದಕ್ಕೆ ಸ್ವಲ್ಪ ಬಲ ಕೊಡುತ್ತದೆ, ಅದೇ ಹೊತ್ತಿಗೆ ಮೂಲದ ಬಗ್ಗೆ ಪ್ರಶ್ನೆಯನ್ನೂ ಏಳಿಸುತ್ತದೆ. ಮಣ್ಣು ಅಂಟಿಕೊಂಡಿದೆಯೇ? ಅದೇ ಮಾರಾಟಗಾರರ ಬಳಿ ಮಣ್ಣಿನ ಇನ್ನಷ್ಟು ನಾಣ್ಯ ಇದ್ದವೇ? ಇದ್ದರೆ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸುವುದು ಒಳ್ಳೆಯದು. ನಾಣ್ಯ ಕೈತಪ್ಪುವ ಸಾಧ್ಯತೆ ಇದೆ, ಅದೂ ಗೊತ್ತಿರಲಿ. ಹಳೆ ಸಂಗ್ರಹದ್ದು ಎಂದು ಮಾರಾಟಗಾರರು ಹೇಳಿದರೆ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಜೊತೆಗೆ ಹಳೆಯ ಲಕೋಟೆ, ಕೈಬರಹದ ತುಂಡು ಕಾಗದ ಇದ್ದರೆ ಎಸೆಯಬೇಡಿ. ಅದೇ ನಿಮ್ಮ ದಾಖಲೆ.

ಗುರುತು ಖಚಿತವಾಗಬೇಕೆಂದರೆ ಮ್ಯೂಸಿಯಂ ನಾಣ್ಯ ವಿಭಾಗಕ್ಕೆ ತೋರಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ನಿಮಗೆ ಹತ್ತಿರವಾಗುವುದು ಹಾಲೆ ಊರಿನ ಮೊರಿಟ್ಸ್‌ಬುರ್ಗ್. ಕ್ವೆಡ್‌ಲಿನ್‌ಬುರ್ಗ್ ಇರುವ ರಾಜ್ಯದ ನಾಣ್ಯಸಂಗ್ರಹ ಅಲ್ಲಿಯೇ ಇದೆ. ಡ್ರೆಸ್ಡೆನ್, ಗೋಥಾ, ಬರ್ಲಿನ್‌ನಲ್ಲೂ ದೊಡ್ಡ ಸಂಗ್ರಹಗಳಿವೆ. ಬರ್ಲಿನ್‌ನವರ ಆನ್‌ಲೈನ್ ಕ್ಯಾಟಲಾಗ್ ಮನೆಯಲ್ಲೇ ಕೂತು ನೋಡಬಹುದು. ಮೊದಲೇ ಇಮೇಲ್ ಬರೆದು ಸಮಯ ಕೇಳಿ. ಅವರು ಬೆಲೆ ಹೇಳುವುದಿಲ್ಲ, ಕೇಳಲೂಬೇಡಿ. ಬೆಲೆ ಬೇಕಾದರೆ ಹರಾಜು ಸಂಸ್ಥೆಗೆ ಹೋಗಬೇಕು. ಅವರು ಕಮಿಷನ್ ತೆಗೆದುಕೊಳ್ಳುತ್ತಾರೆ, ಮೂಲದ ದಾಖಲೆಯನ್ನೂ ಕೇಳುತ್ತಾರೆ. ಸಂತೆಯಲ್ಲೇ ಇನ್ನೊಬ್ಬ ವ್ಯಾಪಾರಿಗೆ ತೋರಿಸಿ ಬೆಲೆ ಕೇಳಿದರೆ ನಿಮಗೆ ಸಿಗುವುದು ಅವರು ಕೊಳ್ಳಬಯಸುವ ಬೆಲೆ.

ಊರಿಗೆ ತರುವ ಬಗ್ಗೆ ನನ್ನ ಸಲಹೆ: ಸದ್ಯಕ್ಕೆ ಅಲ್ಲೇ ಇರಲಿ. ಯುರೋಪಿನಿಂದ ಹಳೆಯ ಸಾಂಸ್ಕೃತಿಕ ವಸ್ತು ಹೊರಗೆ ಒಯ್ಯಲು ರಫ್ತು ನಿಯಮಗಳಿವೆ. ನೆಲದಡಿ ಸಿಕ್ಕಿದ್ದಾದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಪರವಾನಗಿ ಬೇಕು. ಇಲ್ಲಿ ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ 100 ವರ್ಷ ದಾಟಿದ ನಾಣ್ಯವನ್ನೂ ಪುರಾತನ ವಸ್ತು ಎನ್ನುತ್ತದೆ. ಖಾಸಗಿಯವರು ಅಂಥದ್ದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಸ್ಟಮ್ಸ್‌ನಲ್ಲಿ ಸರಿಯಾಗಿ ಬರೆಸದೆ ತಂದರೆ, ನಾಳೆ ಜರ್ಮನಿಯಲ್ಲೇ ಮಾರಬೇಕು ಎನಿಸಿದಾಗ ವಾಪಸ್ ಒಯ್ಯಲು ಪರದಾಡಬೇಕಾಗುತ್ತದೆ. ಮನೆಯವರಿಗೆ ತೋರಿಸಲು ಒಳ್ಳೆಯ ಫೋಟೋ ಸಾಕು.

ಫೋಟೋ ಎಂದ ಮೇಲೆ ಇನ್ನೊಂದು ಮಾತು. ಎರಡನೇ ನಾಣ್ಯದಲ್ಲಿ ಬಿಷಪ್ ಇರುವ ಬದಿಯನ್ನು ಇನ್ನೊಮ್ಮೆ ತೆಗೆದು ಕಳಿಸಿ. ಫ್ಲಾಶ್ ಹಾಕಬೇಡಿ. ಟೇಬಲ್ ಲ್ಯಾಂಪ್ ಅನ್ನು ಪಕ್ಕದಿಂದ, ನಾಣ್ಯದ ಮಟ್ಟಕ್ಕೆ ತಗ್ಗಿಸಿ ಹಿಡಿಯಿರಿ. ನಾಣ್ಯವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಒಂದೊಂದು ಫೋಟೋ ಸಾಕು. ತಲೆಯ ಎಡಕ್ಕೆ ಮೊದಲ ಎರಡು ಮೂರು ಅಕ್ಷರ ಕಂಡರೂ ಯಾವ ಆರ್ಚ್‌ಬಿಷಪ್ ಎಂದು ಹುಡುಕಬಹುದು.